ಗುರುವಾರದ ವಿರೋಧ ಪಕ್ಷ

ಹನ್ನೊಂದು ವರ್ಷ ನಾನು ನನ್ನ ಭಾವನಿಗೆ ವಿರೋಧ ಪಕ್ಷವಾಗಿದ್ದೆ. ಸಂಬಳವಿಲ್ಲದ, ರಜೆಯೂ ಇಲ್ಲದ ಹುದ್ದೆ. ಭಾವ ಅಂದರೆ ನನ್ನ ಅಕ್ಕನ ಗಂಡ. ಅವರ ಮನೆ ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ, ನನ್ನದು ಮೆಲ್ಬರ್ನಿನ ವೆರಿಬೀಯಲ್ಲಿ. ಪ್ರತಿ ಭಾನುವಾರ ಅವರು ಅಮೆರಿಕದ ರಾಜಕೀಯ, ಅಲ್ಲಿನ ಸರ್ಕಾರದ ನೀತಿ, ಅಲ್ಲಿನ ಜನರ ಬದುಕು ಇವುಗಳ ಮೇಲೆ ಕನ್ನಡದಲ್ಲಿ ಮುಕ್ಕಾಲು ಗಂಟೆ ಮಾತಾಡಿ ಇಂಟರ್‌ನೆಟ್ಟಿಗೆ ಏರಿಸುತ್ತಾರೆ. ಅವರ ಒಲವು ಯಾವ ಕಡೆ ಅಂತ ಊಹಿಸಬೇಕಾಗಿಲ್ಲ; ನಾನು ಕನ್ಸರ್ವೇಟಿವ್ ಅಂತ ಮೊದಲೇ ಹೇಳಿಕೊಂಡು ಶುರು ಮಾಡುತ್ತಾರೆ. ಸರ್ಕಾರ ಚಿಕ್ಕದಿರಬೇಕು, ಮನೆತನ ಗಟ್ಟಿಯಿರಬೇಕು, ಹಳೆಯದನ್ನು ಕೆಡವುವ ಮೊದಲು ಅದು ಯಾಕಿತ್ತು ಅಂತ ಕೇಳಬೇಕು. ನನಗೆ ಇದರಲ್ಲಿ ಒಂದೂ ಒಪ್ಪಿಗೆಯಿರಲಿಲ್ಲ. ಆ ಅರ್ಹತೆಯ ಮೇಲೆಯೇ ನನಗೆ ಕೆಲಸ ಸಿಕ್ಕಿದ್ದು.

ಕಾಲೇಜಿನ ದಿನಗಳಲ್ಲಿ ಭಾವ ಉಡುಪಿಯ ಆಸುಪಾಸಿನಲ್ಲಿ ಯಕ್ಷಗಾನ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಕೂತಲ್ಲಿಂದಲೇ, ಕೈಯಲ್ಲಿ ಚೀಟಿಯಿಲ್ಲದೆ, ಎದುರಿಗಿರುವವನ ಜೊತೆ ವಾದಕ್ಕಿಳಿಯಬೇಕು. ಅವರಿಗೆ ಕಲಿಸಿದ ಹಿರಿಯರೊಬ್ಬರು ಒಂದು ಕಟ್ಟುನಿಟ್ಟು ಹಾಕಿದ್ದರಂತೆ. ಎದುರಾಳಿ ಹೇಳಿದ್ದನ್ನು ಮೊದಲು ನೀನು ನಿನ್ನ ಬಾಯಿಯಿಂದ ಹೇಳು, ಅವನು ಹೌದು ಅಂತ ತಲೆಯಾಡಿಸಲಿ, ಆಮೇಲೆ ಖಂಡಿಸು. ಅದಕ್ಕೂ ಮೊದಲೇ ಖಂಡಿಸಿದರೆ ನೀನು ಸೋಲಿಸಿದ್ದು ಅವನನ್ನಲ್ಲ, ನೀನೇ ಮಾಡಿ ನಿಲ್ಲಿಸಿದ ಗೊಂಬೆಯನ್ನು. ಭಾವ ಈ ಪಾಠವನ್ನು ಸ್ಕೋಫೀಲ್ಡ್ಸ್‌ವರೆಗೂ ಹೊತ್ತು ತಂದರು. ಆದರೆ ಅಮೆರಿಕದ ಎದುರಾಳಿಗಳು ಬಂದು ಇವರ ಮುಂದೆ ಕೂತು ತಲೆಯಾಡಿಸುವ ಹಾಗಿರಲಿಲ್ಲವಲ್ಲ. ಅದಕ್ಕೆ ನಾದಿನಿ ಬೇಕಾದಳು.

ಬುಧವಾರ ಊಟದ ಬಿಡುವಿನಲ್ಲಿ ಅವರು ಕಾರಿನೊಳಗೇ ಕೂತು ರೆಕಾರ್ಡ್ ಮಾಡುತ್ತಿದ್ದರು. ಹಿಂದೆ ಯಾವುದೋ ಹೊಸ ಮನೆಯ ಚೌಕಟ್ಟಿಗೆ ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು. ಗುರುವಾರ ಬೆಳಿಗ್ಗೆ ಅದು ನನ್ನ ಫೋನಿಗೆ ಬರುತ್ತಿತ್ತು. ನಾನು ಕ್ಲೇಟನ್‌ನ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ವೆರಿಬೀಯಿಂದ ಅಲ್ಲಿಗೆ ಊರನ್ನೇ ಅಡ್ಡಹಾಯಬೇಕು. ಸೇತುವೆಯ ಮೇಲೆ ಟ್ರಾಫಿಕ್ ನಿಂತರೆ ಭಾವನ ಇಡೀ ಭಾಷಣ ಮುಗಿದು ನನ್ನ ಬೈಗುಳಕ್ಕೂ ಸಮಯ ಉಳಿಯುತ್ತಿತ್ತು. ಆಸ್ಪತ್ರೆಯ ಪಾರ್ಕಿಂಗ್ ತಲುಪಿದ ಮೇಲೆ ನಾನು ಉತ್ತರ ಕಳಿಸಬೇಕು. ಪ್ರಶ್ನೆ ಒಂದೇ. ನಿಮ್ಮ ಕಡೆಯವರ ಮಾತನ್ನು ನಾನು ಸರಿಯಾಗಿ ಹೇಳಿದ್ದೇನಾ? ಇಲ್ಲ ಅಂದರೆ ಅಷ್ಟು ಭಾಗ ಮತ್ತೆ ರೆಕಾರ್ಡ್.

ಮೊದಮೊದಲು ನಾನು ಸುಲಭಕ್ಕೆ ಬಿಡುತ್ತಿರಲಿಲ್ಲ. ಒಮ್ಮೆ ಅಮೆರಿಕದ ಆರೋಗ್ಯ ವಿಮೆಯ ಬಗ್ಗೆ ಮಾತಾಡುತ್ತ ಭಾವ, ಎಲ್ಲರ ಔಷಧಿಯನ್ನೂ ಸರ್ಕಾರವೇ ಕೊಡಲಿ ಅನ್ನುವವರದ್ದು ಪುಕ್ಕಟೆಯ ಆಸೆ ಅಂದುಬಿಟ್ಟರು. ದಿನವಿಡೀ ಔಷಧಿ ಕೊಡುವ ಕಿಟಕಿಯ ಹಿಂದೆ ನಿಲ್ಲುವವಳು ನಾನು. ಪಾರ್ಕಿಂಗ್‌ನಲ್ಲೇ ಕೂತು ಫೋನ್ ಮಾಡಿ ತುಳುವಿನಲ್ಲಿ ಚೆನ್ನಾಗಿ ಉಗಿದೆ. ಪುಕ್ಕಟೆ ಅಲ್ಲ ಭಾವ, ಹೆದರಿಕೆ. ಕಾಯಿಲೆಯವನಿಗೆ ಕಾಯಿಲೆಯ ಹೆದರಿಕೆಯೇ ಸಾಕು, ಬಿಲ್ಲಿನ ಹೆದರಿಕೆಯೂ ಬೇಡ, ನಾವು ಹೇಳುವುದು ಅಷ್ಟೇ ಅಂದೆ. ಮರುದಿನ ಬಂದ ಹೊಸ ರೆಕಾರ್ಡಿಂಗ್‌ನಲ್ಲಿ ನನ್ನ ಮಾತು ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಇದಕ್ಕೆ ಇನ್ನು ಇವರು ಎಂತ ಉತ್ತರ ಕೊಡುತ್ತಾರೆ ಅಂತ ನಾನೇ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಕಾದೆ. ಕೊಟ್ಟರು. ಹೆದರಿಕೆ ಓಡಿಸುವ ಕೆಲಸವನ್ನು ದೂರದ ರಾಜಧಾನಿಗೆ ಒಪ್ಪಿಸಿದರೆ ಪಕ್ಕದ ಮನೆಯವನು ತನ್ನ ಕೆಲಸ ಮುಗಿಯಿತು ಅಂದುಕೊಳ್ಳುತ್ತಾನೆ ಅಂದರು. ನಾನು ಒಪ್ಪಲಿಲ್ಲ. ಆದರೆ ಆ ಇಡೀ ದಿನ, ನಾಲ್ಕು ವರ್ಷದಿಂದ ನನ್ನ ಪಕ್ಕದ ಮನೆಯಲ್ಲಿದ್ದ ಮುದುಕನ ಹೆಸರು ನನಗೆ ಗೊತ್ತಿಲ್ಲ ಅನ್ನುವುದು ಚುಚ್ಚುತ್ತಿತ್ತು. ಸಂಜೆ ಹೋಗಿ ಕೇಳಿದೆ.

ಇಷ್ಟಕ್ಕೂ ಅಮೆರಿಕವೇ ಯಾಕೆ ಅಂತ ಜನ ಅವರನ್ನು ಕೇಳುತ್ತಿರುತ್ತಾರೆ. ಭಾವ ಸಿಡ್ನಿಯ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಅಲ್ಲಿನ ನಗರಸಭೆಯಲ್ಲಿ, ಬಿಲ್ಡಿಂಗ್ ಇನ್‌ಸ್ಪೆಕ್ಟರ್. ಇಲ್ಲಿನ ರಾಜಕೀಯದ ಬಗ್ಗೆ ಬಾಯಿ ಬಿಟ್ಟರೆ ಕೆಲಸಕ್ಕೆ ಸರಿಯಲ್ಲ, ಊರಿನ ರಾಜಕೀಯದ ಬಗ್ಗೆ ಬಾಯಿ ಬಿಟ್ಟರೆ ಊಟಕ್ಕೆ ಕರೆಯುವ ನೆಂಟರು ಉಳಿಯುವುದಿಲ್ಲ. "ಅಮೆರಿಕ ಆದ್ರೆ ದೂರ ಉಂಟು. ಯಾರ ಮನೆಯೂ ಒಡೆಯುವುದಿಲ್ಲ" ಅನ್ನುತ್ತಿದ್ದರು. ಅದೊಂದು ವಿಷಯದಲ್ಲಿ ಅವರ ಅಂದಾಜು ಪೂರ್ತಿ ತಪ್ಪಿತು.

ಸರ್ಕಾರ ಚಿಕ್ಕದಿರಬೇಕು ಅನ್ನುವವರು ಸರ್ಕಾರದ ಟೇಪು ಹಿಡಿದು ಜನರ ಜಗಲಿ ಅಳೆಯುತ್ತೀರಲ್ಲ ಅಂತ ನಾನು ಕೆಣಕುತ್ತಿದ್ದೆ. ಆಗ ಅವರು ಒಬ್ಬ ಮುದುಕಿಯ ಕತೆ ಹೇಳುತ್ತಿದ್ದರು. ಹಿತ್ತಿಲಲ್ಲಿ ನೆರಳಿಗೆ ಅಂತ ಹಾಕಿಸಿಕೊಂಡ ಮಾಡು ನಿಯಮಕ್ಕಿಂತ ಒಂದು ಗೇಣು ಬೇಲಿಗೆ ಹತ್ತಿರವಾಯಿತು. ನೆರೆಯವರಿಗೆ ಏನೂ ತಕರಾರಿರಲಿಲ್ಲ. ಆದರೂ ಭಾವ ಅದನ್ನು ತೆಗೆಸಬೇಕಾಯಿತು. "ನಿಯಮ ಬರೆದವ ಆ ಅಜ್ಜಿಯನ್ನು ನೋಡ್ಲಿಲ್ಲ. ನೋಡಿದ ನನಗೆ ನಿಯಮ ಬಿಡ್ಲಿಕ್ಕೆ ಅಧಿಕಾರ ಇಲ್ಲ. ನಾನು ಕನ್ಸರ್ವೇಟಿವ್ ಆದದ್ದು ಪುಸ್ತಕ ಓದಿ ಅಲ್ಲ ಮಾರಾಯ್ತಿ." ಅಮೆರಿಕದ ಸಣ್ಣ ಊರುಗಳಲ್ಲಿ ತಂದೆತಾಯಿಗಳು ಶಾಲೆಯ ಸಭೆಗೆ ಹೋಗಿ ಅಧಿಕಾರಿಗಳನ್ನು ಮುಖಾಮುಖಿ ಪ್ರಶ್ನಿಸುತ್ತಾರೆ ಅಂತ ಅವರು ಹೊಗಳಿದಾಗ ಆ ಹೊಗಳಿಕೆಗೆ ತೂಕ ಬರುತ್ತಿದ್ದುದು ಇದರಿಂದ. ನಾನು ಬೇರೆಯವರ ವಿಶ್ಲೇಷಣೆಗಳನ್ನೂ ಕೇಳುತ್ತೇನೆ, ಎರಡೂ ಕಡೆಯವರದ್ದು. ಹೆಚ್ಚಿನವರದ್ದು ಕೇಳಿದರೆ ರಕ್ತದೊತ್ತಡ ಏರುತ್ತದೆ, ತಿಳಿವಳಿಕೆ ಅಲ್ಲಿಯೇ ಇರುತ್ತದೆ. ಭಾವ ಮಾತ್ರ ಎದುರು ಪಕ್ಷದ ಯಾವ ನಾಯಕರಿಗೂ ಅಡ್ಡಹೆಸರು ಇಟ್ಟವರಲ್ಲ. ನಾನು ಅವರನ್ನು ಮೆಚ್ಚುತ್ತಿದ್ದೆ, ಮುಚ್ಚುಮರೆಯೇನಿಲ್ಲ.

ಅವರಿಗೆ ಒಬ್ಬಳೇ ಮಗಳು. ಕ್ಲೇಟನ್‌ನ ಯೂನಿವರ್ಸಿಟಿಯಲ್ಲಿ ಲಾ ಓದುತ್ತಾಳೆ, ಇನ್ನು ಮೂವರು ಹುಡುಗಿಯರ ಜೊತೆ ಒಂದು ಬಾಡಿಗೆ ಮನೆಯಲ್ಲಿರುತ್ತಾಳೆ. ಪ್ರತಿ ಸೋಮವಾರ ಮಧ್ಯಾಹ್ನ ಬಸ್ಸು ಹತ್ತಿ ನಮ್ಮ ಆಸ್ಪತ್ರೆಯ ಕ್ಯಾಂಟೀನಿಗೆ ಬಂದು ನನ್ನ ಜೊತೆ ಊಟ ಮಾಡುತ್ತಾಳೆ. ಅವಳ ರಾಜಕೀಯ ನನ್ನದೇ, ಇನ್ನೂ ನಾಲ್ಕು ಹೆಜ್ಜೆ ಮುಂದೆ. ಅವಳ ಮನೆಯಲ್ಲಿರುವ ಬೆಂಗಳೂರಿನ ಇಬ್ಬರು ಹುಡುಗಿಯರು ಭಾನುವಾರ ಅಡುಗೆ ಮಾಡುತ್ತ ಭಾವನ ಮಾತು ಹಾಕಿಕೊಂಡು ನಗುತ್ತಿದ್ದರಂತೆ. ಅವರಿಗೆ ಇವಳು ಹೇಳುತ್ತಿದ್ದುದು ಒಂದೇ ಮಾತು: "ಅಪ್ಪನ ಒಪೀನಿಯನ್‌ಗೆ ಎಷ್ಟು ಬೇಕಾದ್ರೂ ನಗಿ. ಬಟ್ ಫ್ಯಾಕ್ಟ್ಸ್ ತಪ್ಪಿರಲ್ಲ. ಹೀ ಚೆಕ್ಸ್." ಅಪ್ಪನನ್ನು ವಿರೋಧಿಸುತ್ತಲೇ ಪ್ರೀತಿಸಲು ಅವಳಿಗಿದ್ದ ಆಧಾರ ಅದೊಂದೇ. ಅದು ಹೋದರೆ ಅವಳ ಪಾಲಿಗೆ ಅವರೂ ಇಂಟರ್‌ನೆಟ್ಟಿನಲ್ಲಿ ಕೂಗಾಡುವ ಇನ್ನೊಬ್ಬ ಅಂಕಲ್ ಆಗಿಬಿಡುತ್ತಿದ್ದರು.

ಹೋದ ವರ್ಷ ಒಂದು ವಾರದ ವಿಷಯ, ಅಮೆರಿಕದಲ್ಲಿ ಓಟು ಹಾಕಲು ಫೋಟೊ ಇರುವ ಕಾರ್ಡು ಕೇಳಬೇಕೇ ಬೇಡವೇ ಅನ್ನುವುದು. ನಮ್ಮ ಕಡೆಯ ವಾದವನ್ನು ಭಾವ ಚೆನ್ನಾಗಿಯೇ ಇಟ್ಟರು: ಮುದುಕರ ಹತ್ತಿರ, ಬಡವರ ಹತ್ತಿರ, ಮನೆ ಬದಲಿಸುತ್ತಲೇ ಇರುವವರ ಹತ್ತಿರ ಅಂಥ ಕಾರ್ಡು ಇರುವುದಿಲ್ಲ, ಕೇಳಿದರೆ ಅವರ ಓಟು ತಪ್ಪುತ್ತದೆ. ನಾನು ಕಾರಿನಲ್ಲಿ ಒಬ್ಬಳೇ ತಲೆಯಾಡಿಸಿದೆ. ಮತ ಎಣಿಕೆಯ ಮೇಲಿನ ನಂಬಿಕೆ ಊರಿಗೆಲ್ಲ ಸೇರಿದ ಆಸ್ತಿ, ಅದನ್ನು ಕಾಯಬೇಕು ಅನ್ನುವುದು ಅವರ ಪ್ರತಿವಾದ. ಅದರ ಬೆನ್ನಿಗೇ ಒಂದು ಮಾತು ಸೇರಿಸಿದರು: "ಇಲ್ಲಿ ಆಸ್ಟ್ರೇಲಿಯಾದಲ್ಲಿ ನಾವು ಕಾರ್ಡು ತೋರಿಸಿಯೇ ಓಟು ಹಾಕುವುದು. ಯಾರ ಓಟೂ ತಪ್ಪಿದ್ದು ನಾನು ಕಾಣೆ." ನನಗೇನೂ ಅನ್ನಿಸಲಿಲ್ಲ. ಚೆನ್ನಾಗಿದೆ ಭಾವ, ಹಾಕಿ ಅಂತ ಕಳಿಸಿದೆ.

ಭಾನುವಾರ ಆ ಮಾತು ಇಂಟರ್‌ನೆಟ್ಟಿಗೆ ಏರಿತು. ನಿಜ ಏನೆಂದರೆ, ಇಲ್ಲಿ ಓಟು ಹಾಕಲು ಯಾವ ಕಾರ್ಡೂ ಬೇಕಾಗಿಲ್ಲ. ಅಕ್ಕನ ಮಗಳಿಗೆ ಅದು ಗೊತ್ತಿತ್ತು, ಯಾಕೆಂದರೆ ಹಿಂದಿನ ಚುನಾವಣೆಯಲ್ಲಿ ಅವಳು ಒಂದು ಪ್ರೈಮರಿ ಶಾಲೆಯ ಮತಗಟ್ಟೆಯಲ್ಲಿ ದಿನದ ಕೆಲಸಕ್ಕೆ ಹೋಗಿ, ಮೇಜಿನ ಹಿಂದೆ ಕೂತು ಸಾಲಿನಲ್ಲಿ ಬಂದವರ ಹೆಸರಿಗೆ ಗೆರೆ ಎಳೆದಿದ್ದಳು. ಮನೆಯ ಹುಡುಗಿಯರೂ ಫೋನಿನಲ್ಲಿ ಹುಡುಕಿ ನೋಡಿಯಾಗಿತ್ತು. "ಹೀ ಚೆಕ್ಸ್, ಅಲ್ವಾ?" ಅಂತ ಒಬ್ಬಳು ಕೇಳಿದಳಂತೆ. ಇವಳು ಎದ್ದು ಹೋಗಿ ಸಿಡ್ನಿಗೆ ಫೋನ್ ಮಾಡಿದಳು. ಪಕ್ಕದಲ್ಲೇ ಇದ್ದ ಅಕ್ಕ ಆಮೇಲೆ ನನಗೆ ಎಲ್ಲ ಹೇಳಿದಳು.

"ನಿನಗೆಂತ ಗೊತ್ತು?" ಅಂದರಂತೆ ಭಾವ. "ನೀನು ಹುಟ್ಟುವ ಮೊದಲಿಂದ ಇಲ್ಲಿ ಓಟು ಹಾಕುವವ ನಾನು. ಪ್ರತಿ ಸಲ ಲೈಸೆನ್ಸ್ ತೋರಿಸಿಯೇ ಹಾಕಿದ್ದು."

"ಅಪ್ಪ, ಆ ಟೇಬಲ್‌ನಲ್ಲಿ ಕೂತಿದ್ದೋಳು ನಾನು."

"ಒಂದು ದಿನ ಕೂತದ್ದಕ್ಕೆ ಇಷ್ಟು ಗತ್ತಾ?"

ಅವಳು ಫೋನ್ ಇಟ್ಟಳು. ಆಮೇಲೆ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ನನಗೆ ಭಾವನ ಫೋನ್ ಬಂತು. ಕುಶಲ ಕೇಳಲಿಲ್ಲ, ಏನಿಲ್ಲ. "ನೀನು ಓಟು ಹಾಕುವಾಗ ಕಾರ್ಡು ತೋರಿಸ್ತೀಯಾ?"

"ತೋರಿಸ್ತೇನೆ. ಲೈಸೆನ್ಸ್."

"ಅವರು ಕೇಳಿದ್ರಾ?"

ಹೌದು ಅನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಶಾಲೆಯ ಅಂಗಳದ ಸಾಲು, ಅತ್ತ ಕಡೆ ಓಟಿನ ದಿನ ಶಾಲೆಯವರು ಸುಟ್ಟು ಮಾರುವ ಸಾಸೇಜಿನ ಹೊಗೆ, ಸಸ್ಯಾಹಾರಿಗಳಾದ ನಮಗೆ ಬ್ರೆಡ್ಡಿನಲ್ಲಿ ಬರೀ ಸುಟ್ಟ ನೀರುಳ್ಳಿ, ಎಲ್ಲ ಕಣ್ಣಿಗೆ ಬಂತು. ಮೇಜಿನಿಂದ ಹತ್ತು ಹೆಜ್ಜೆ ದೂರ ಇರುವಾಗಲೇ ನನ್ನ ಪರ್ಸು ತೆರೆದಿರುತ್ತದೆ, ಲೈಸೆನ್ಸ್ ಕೈಯಲ್ಲಿರುತ್ತದೆ. ಊರಲ್ಲಿ ಮತದಾರರ ಚೀಟಿ ಹಿಡಿದು ನಿಂತು ರೂಢಿಯಾದ ಕೈ, ಇಲ್ಲಿಗೆ ಬಂದ ಮೇಲೂ ತನ್ನಷ್ಟಕ್ಕೆ ಮುಂದೆ ಚಾಚುತ್ತದೆ. ಮೇಜಿನವರು ಬೇಡ ಅನ್ನುವುದಿಲ್ಲ, ಏಕೆಂದರೆ ನಮ್ಮಂಥವರ ಉದ್ದನೆಯ ಹೆಸರನ್ನು ಕಾರ್ಡಿನಿಂದ ಓದಿಕೊಳ್ಳುವುದು ಅವರಿಗೂ ಸುಲಭ. ಎಷ್ಟು ಯೋಚಿಸಿದರೂ ಯಾರೊಬ್ಬರೂ ಕೊಡಿ ಅಂತ ಕೇಳಿದ್ದು ನೆನಪಾಗಲಿಲ್ಲ.

"ಕೇಳಿಲ್ಲ" ಅಂದೆ.

"ನನ್ನನ್ನೂ ಕೇಳಿಲ್ಲ. ಇಪ್ಪತ್ತೆರಡು ವರ್ಷ ನಾನೇ ಕೊಟ್ಟದ್ದು." ಅವರ ದನಿ ನಾನು ಅದುವರೆಗೆ ಕೇಳದಷ್ಟು ಸಣ್ಣದಾಗಿತ್ತು.

ಮಧ್ಯಾಹ್ನ ಹುಡುಗಿ ಕ್ಯಾಂಟೀನಿಗೆ ಬಂದಳು. ತಟ್ಟೆ ತೆಗೆದುಕೊಳ್ಳಲಿಲ್ಲ. "ಚಿಕ್ಕಮ್ಮ, ಫಸ್ಟ್ ಕೇಳೋದು ನೀವು ಅಲ್ವಾ? ನೀವ್ಯಾಕೆ ಹೇಳ್ಲಿಲ್ಲ?" ನಾನೂ ಹಾಗೆಯೇ ನಂಬಿದ್ದೆ ಅಂದೆ. ನನ್ನ ಮುಖವನ್ನೇ ನೋಡಿದಳು. "ಇಬ್ಬರೂನಾ?" ಅಂದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅವತ್ತು ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದಳು.

ಭಾವನ ಕೇಳುಗರು ಅದೊಂದು ವಾಕ್ಯ ತಾನೇ, ಬಿಟ್ಟುಬಿಡಿ ಸಾರ್, ನಿಮ್ಮ ವಾದಕ್ಕೇನೂ ಧಕ್ಕೆಯಿಲ್ಲ ಅಂತ ಬರೆದರು. ಅವರು ಬಿಡಲಿಲ್ಲ. ಮುಂದಿನ ವಾರದ ಮುಕ್ಕಾಲು ಗಂಟೆಯನ್ನೂ ಆ ವಾಕ್ಯಕ್ಕೇ ಕೊಟ್ಟರು. "ನಾನು ಹೇಳಿದ್ದು ತಪ್ಪು" ಅಂತ ಶುರು ಮಾಡಿದರು. "ಹೆಸರೇನು, ಎಲ್ಲಿರುತ್ತೀರಿ, ಈ ಚುನಾವಣೆಯಲ್ಲಿ ಮೊದಲೇ ಓಟು ಹಾಕಿದ್ದೀರಾ. ಇಷ್ಟೇ ಕೇಳಿ, ನನ್ನ ಮಾತು ನಂಬಿ, ಈ ದೇಶ ನನ್ನ ಕೈಗೆ ಮತಪತ್ರ ಕೊಟ್ಟಿದೆ. ಪದ್ಧತಿಯನ್ನು ಮುಟ್ಟುವ ಮೊದಲು ಅದು ಯಾಕಿದೆ ಅಂತ ಕೇಳಿ ಎಂದು ನಿಮಗೆ ಉಪದೇಶ ಮಾಡುವ ನಾನು, ನನ್ನ ಕಣ್ಣೆದುರಿಗಿದ್ದ ಪದ್ಧತಿಯನ್ನು ನೋಡಲೇ ಇಲ್ಲ. ಅಮೆರಿಕದಲ್ಲಿ ಕಾರ್ಡು ಕೇಳಬೇಕು ಅನ್ನುವುದೇ ಇವತ್ತೂ ನನ್ನ ಅಭಿಪ್ರಾಯ. ಆದರೆ ಅದಕ್ಕೆ ನಾನು ಕೊಟ್ಟ ಆಧಾರ ಸುಳ್ಳು. ಬೇರೆ ಆಧಾರ ಸಿಗುವವರೆಗೆ ನೀವು ಆ ಅಭಿಪ್ರಾಯವನ್ನು ಅರ್ಧ ಮಾತ್ರ ನಂಬಿ." ಗುರುವಾರ ಅದನ್ನು ಕೇಳಿ ನಾನು ಪಾರ್ಕಿಂಗ್‌ನಲ್ಲಿ ಕಣ್ಣು ಒರೆಸಿಕೊಂಡೆ. ರಾಜಕೀಯ ಮಾತಾಡುವ ಯಾರೊಬ್ಬರ ಬಾಯಲ್ಲೂ ಅಂಥ ಮಾತು ನಾನು ಕೇಳಿರಲಿಲ್ಲ. ಮೆತ್ತಗಾದಿರಿ ಅಂತ ಬೈದು ಅವರ ಕೇಳುಗರಲ್ಲಿ ಒಂದಷ್ಟು ಜನ ಬಿಟ್ಟುಹೋದರು. ಹೋಗಲಿ ಅಂದರು ಭಾವ.

ಮರು ಸೋಮವಾರ ಹುಡುಗಿಯ ಹತ್ತಿರ, ಅಪ್ಪನದ್ದು ಕೇಳಿದೆಯಾ ಅಂದೆ. "ಕೇಳಿದೆ. ಇಟ್ ವಾಸ್ ಗುಡ್" ಅಂದಳು. ಚಮಚದಲ್ಲಿ ಅನ್ನ ಅತ್ತಿತ್ತ ಮಾಡುತ್ತ, "ಎಲ್ಲರಿಗೂ ಸಾರಿ ಹೇಳಿದ್ದಾರೆ. ಬಟ್ ಗತ್ತು ಅಂದಿದ್ದು ನನಗೆ" ಅಂದಳು.

ಅದನ್ನು ಹಾಗೆಯೇ ಭಾವನಿಗೆ ದಾಟಿಸಿದೆ. ನಮ್ಮ ಮನೆಗಳಲ್ಲಿ ಅಪ್ಪಂದಿರು ಮಕ್ಕಳ ಹತ್ತಿರ ತಪ್ಪಾಯಿತು ಅನ್ನುವ ಪದ್ಧತಿ ಇಲ್ಲ. ಎರಡು ದಿನ ಮೆತ್ತಗೆ ಮಾತಾಡಿದರೆ ಅಂದ ಹಾಗೆ. ಇನ್ನೂ ಎರಡು ವಾರ ಕಳೆದರೆ ತನ್ನಷ್ಟಕ್ಕೆ ಸರಿಹೋಗುತ್ತದೆ ಅನ್ನುತ್ತಾರೆ ಅಂದುಕೊಂಡೆ. ಅದರ ಬದಲು ಭಾವ, ಶನಿವಾರದ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿದ್ದೇನೆ, ಏರ್‌ಪೋರ್ಟಿಗೆ ಬಾ ಅಂದರು.

ಏರ್‌ಪೋರ್ಟಿನಿಂದ ಕ್ಲೇಟನ್‌ವರೆಗೆ ಅವರು ಒಂದು ಮಾತೂ ಆಡಲಿಲ್ಲ. ಮೈಕ್ ಬೇಕಾ ಭಾವ ಅಂತ ಕೆಣಕಿದೆ, ನಗಲಿಲ್ಲ. ಬಾಗಿಲು ತೆರೆದ ಹುಡುಗಿ ಅಪ್ಪನನ್ನು ನೋಡಿ ಪಕ್ಕಕ್ಕೆ ಸರಿದಳು. ಅಡುಗೆಮನೆಯ ಸಣ್ಣ ಮೇಜಿಗೆ ಎದುರುಬದುರು ಕೂತರು. ಉಳಿದ ಹುಡುಗಿಯರು ತಮ್ಮ ತಮ್ಮ ರೂಮಿಗೆ ಹೋದರು. ನಾನು ಟೀ ಮಾಡುವ ನೆಪದಲ್ಲಿ ಸಿಂಕಿನ ಹತ್ತಿರ ನಿಂತೆ.

ಭಾವ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡರು. "ನೀನು ಹೇಳಿದ್ದು ಇದು" ಅಂದರು. "ಅಪ್ಪ, ನಿಮ್ಮ ಮಾತು ತಪ್ಪು. ನನಗೆ ಗೊತ್ತು, ಯಾಕಂದ್ರೆ ಬೆಳಿಗ್ಗೆಯಿಂದ ಎಣಿಕೆ ಮುಗಿಯುವವರೆಗೆ ನಾನು ಆ ಮೇಜಿನಲ್ಲಿ ಕೆಲಸ ಮಾಡಿದ್ದೇನೆ. ನೀವು ಆ ಕೆಲಸವನ್ನು ಸಣ್ಣದು ಮಾಡಿದ್ರಿ." ಅಷ್ಟು ಹೇಳಿ ಮಗಳನ್ನು ನೋಡಿದರು. "ಸರಿಯಾಗಿ ಹೇಳಿದೆನಾ?"

ಅವಳು ಮೇಜು ನೋಡುತ್ತಿದ್ದಳು. "ಇಲ್ಲ."

"ಎಂತ ಬಿಟ್ಟೆ?"

"ನೀವು ಎಲ್ಲಾ ಚೆಕ್ ಮಾಡ್ತೀರ ಅಂತ ನಾನು ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದೆ. ನೀವು ನನ್ನ ಹತ್ರ ಯಾವತ್ತೂ ಏನೂ ಚೆಕ್ ಮಾಡಿಲ್ಲ. ಚಿಕ್ಕಮ್ಮನ ಹತ್ರ ಕೇಳ್ತೀರ. ನನ್ನ ಹತ್ರ ಒಂದ್ಸಲಾನೂ ಇಲ್ಲ."

ಭಾವ ಅದನ್ನು ಮೊದಲಿನಿಂದ ಕೊನೆಯವರೆಗೆ ತಮ್ಮ ಬಾಯಲ್ಲಿ ಹೇಳಿದರು. "ಈಗ ಸರಿಯಾ?" ಅಂದಾಗ ಅವಳು ತಲೆಯಾಡಿಸಿದಳು. ತಲೆಯಾಡಿಸಿದ ಮೇಲೆ ಖಂಡಿಸುವ ಸರದಿ ಅವರದ್ದು. "ನನಗೆ ಖಂಡಿಸ್ಲಿಕ್ಕೆ ಏನೂ ಇಲ್ಲ ಮಗಾ" ಅಂದರು. ಅವಳು ಅಳುತ್ತ ಎದ್ದು ಬಂದು, ನಾನು ಬಿಸಿ ನೀರು ಹಾಕಿಟ್ಟಿದ್ದ ಕಪ್ಪುಗಳನ್ನು ಎತ್ತಿಕೊಂಡು ಹೋಗಿ ಅವರ ಮುಂದಿಟ್ಟಳು. ನನಗೆ ಟೀಪುಡಿ ಹಾಕುವುದೇ ಮರೆತುಹೋಗಿತ್ತು. ಇಬ್ಬರೂ ಅದನ್ನೇ ಕುಡಿದರು.

ಮುಂದಿನ ಗುರುವಾರ ಸೇತುವೆ ದಾಟಿದರೂ ನನ್ನ ಫೋನಿಗೆ ಏನೂ ಬರಲಿಲ್ಲ. ಮೈ ಹುಷಾರಿಲ್ಲವೋ ಏನೋ ಅಂತ ಪಾರ್ಕಿಂಗ್‌ನಿಂದ ಫೋನ್ ಮಾಡಿದೆ. "ಈ ವಾರ ಇಲ್ಲವಾ ಭಾವ?"

"ಉಂಟು. ಅವಳಿಗೆ ಕಳಿಸಿದೆ" ಅಂದರು. ದನಿಯಲ್ಲಿ ಹಬ್ಬದ ಸಡಗರವಿತ್ತು. "ಆಗಲೇ ಎರಡು ಕಡೆ ಇಲ್ಲ ಅಂದಿದ್ದಾಳೆ. ಒಂದು ಕಡೆ ನನಗೆ ಉತ್ತರವೇ ಹೊಳೀತಾ ಇಲ್ಲ ನೋಡು." ಆಮೇಲೆ, "ನೀನು ಬೇಜಾರು ಮಾಡಬಾರದು. ಕಾರ್ಡಿನ ವಿಷಯ ಅಲ್ಲ, ಅದು ನನಗೂ ಗೊತ್ತಿರಲಿಲ್ಲ. ಆದ್ರೆ ಮೊನ್ನೆ ನಿನ್ನ ಹಳೆಯ ಮೆಸೇಜು ಎಲ್ಲ ತೆಗೆದು ನೋಡಿದೆ. ನೀನು ನನಗೆ ಇಲ್ಲ ಅಂತ ಹೇಳಿ ಮೂರು ವರ್ಷ ಆಯ್ತು" ಅಂದರು.

ನನಗೆ ಸಿಟ್ಟು ಬಂತು. ನಿಮ್ಮ ಮಾತು ನನಗೆ ಈಗಲೂ ಒಪ್ಪಿಗೆಯಿಲ್ಲ, ನಾನು ಅವತ್ತು ಎಲ್ಲಿದ್ದೆನೋ ಇವತ್ತೂ ಅಲ್ಲೇ ಇದ್ದೇನೆ ಅಂದೆ.

"ಹೌದಾ? ಯಾವುದು ಒಪ್ಪಿಗೆ ಇಲ್ಲ, ಹೇಳು" ಅಂದರು ಭಾವ, ಅಣಕವಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ.

ಆಮೇಲೆ ಹೇಳುತ್ತೇನೆ ಅಂತ ಫೋನ್ ಇಟ್ಟೆ. ಕಾರಿನಲ್ಲೇ ಕೂತು, ಅವರು ಈಚೆಗೆ ಆಡಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡೆ. ಡ್ಯೂಟಿಗೆ ಹೊತ್ತಾಗುವವರೆಗೂ ಹುಡುಕಿದೆ, ಒಂದೂ ಸಿಗಲಿಲ್ಲ.